ಅಪ್ಪನ ಮೇಜಿನ ಗಂಟೆ

ಅಪ್ಪ ನೀರು ಸರಬರಾಜು ಕಚೇರಿಯ ಮುಖ್ಯಸ್ಥರಾಗಿದ್ದಾಗ ಅವರ ಮೇಜಿನ ಮೇಲೊಂದು ಹಿತ್ತಾಳೆ ಗಂಟೆ ಇತ್ತು. ಒಮ್ಮೆ ಒತ್ತಿದರೆ ಜವಾನ ಓಡಿ ಬರುತ್ತಿದ್ದ. ಎರಡು ಸಲ ಒತ್ತಿದರೆ ಹೆಡ್ ಕ್ಲಾರ್ಕು ಕನ್ನಡಕ ಹುಡುಕುತ್ತಲೇ ಎದ್ದು ಬರುತ್ತಿದ್ದರು. ನಿವೃತ್ತಿಯ ದಿನ ಸಿಬ್ಬಂದಿ ಆ ಗಂಟೆಯನ್ನೇ ಉಡುಗೊರೆ ಕೊಟ್ಟರು. ಪೀಡೆ ತೊಲಗಿತು ಅಂತ ಕೊಟ್ಟರೋ ಏನೋ, ಅಪ್ಪನಿಗಂತೂ ಹಿಗ್ಗೋ ಹಿಗ್ಗು.

ಮರುದಿನ ಬೆಳಿಗ್ಗೆ ಹಜಾರದಲ್ಲಿ ಕೂತು ಗಂಟೆ ಒತ್ತಿದರು. ಅಮ್ಮ ಅಡುಗೆಮನೆಯಿಂದಲೇ, "ಕಾಫಿ ಬೇಕಾದ್ರೆ ಕಾಲಿದೆಯಲ್ಲ, ಎದ್ದು ಬನ್ನಿ" ಅಂದಳು. ಅಪ್ಪ ಪಟ್ಟು ಬಿಡಲಿಲ್ಲ, ದಿನವೂ ಒತ್ತಿದರು. ಕೊನೆಗೆ ಅಮ್ಮ ಗಂಟೆಯನ್ನು ಹಿತ್ತಿಲಿಗೆ ಒಯ್ದು, ಬೆಕ್ಕಿಗೆ ಹಾಲು ಹಾಕುವಾಗಲೆಲ್ಲ ಬಾರಿಸತೊಡಗಿದಳು.

ತಿಂಗಳು ಕಳೆದ ಮೇಲೆ ಅಪ್ಪ ಅದನ್ನು ತಂದು ಒರೆಸಿ, ಹಜಾರದ ಮೇಜಿನ ಮೇಲಿಟ್ಟು, ಗತ್ತಿನಿಂದ ಒತ್ತಿದರು. ಬಾಲ ಎತ್ತಿಕೊಂಡು ಬೆಕ್ಕು ಓಡಿ ಬಂತು. ಅಪ್ಪನ ಬರಿಗೈ ನೋಡಿ, ಬೈದ ಹಾಗೆ ಕೂಗಿತು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಟೆ ಒತ್ತಿದ ಮೇಲೆ ಅಪ್ಪ ತಾವೇ ಎದ್ದು ಹೋಗಿ ಹಾಲು ತಂದದ್ದು ಅದೇ ಮೊದಲು.

ಈಗ ಆ ಕೆಲಸ ಅವರದೇ. ಮೊನ್ನೆ ಅಮ್ಮನಿಗೆ ಹೇಳಿದರು: "ನಾಳೆ ನಾನು ಹೋದೆ ಅಂದ್ಕೋ, ಗಂಟೆ ಕೇಳಿದಾಗಲೆಲ್ಲ ಈ ಬೆಕ್ಕಾದ್ರೂ ನನ್ನ ನೆನೆಸ್ಕೊಳ್ಳುತ್ತೆ."

"ಅದು ನೆನೆಸ್ಕೊಳ್ಳೋದು ಹಾಲನ್ನ ರೀ, ನಿಮ್ಮನ್ನಲ್ಲ."

ಅಪ್ಪ ಬಟ್ಟಲಿಗೆ ಇನ್ನಷ್ಟು ಹಾಲು ಸುರಿದು, ನಗುತ್ತಲೇ ಅಂದರು: "ಕಚೇರೀಲೂ ಅಷ್ಟೇ ಆಗಿತ್ತು ಕಣೇ."