ಕಂತಿನ ಲಾರಿಯ ಕಾಕಾ

ತಮ್ಮನ ಮೊಮ್ಮಗ ಹೊಸ ಕಾರು ತಂದ. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಲಕ್ಕುಂಡಿಯವರೆಗೆ ಒಂದು ಸುತ್ತು ಹೋಗಿ ಬರೋಣ ಎಂದು ನನ್ನನ್ನು ಮುಂದೆ ಕೂರಿಸಿ ಬಾಗಿಲು ಹಾಕಿದ. ಹಾಕಿದ್ದೇ ತಡ, ರೆಕ್ಸಿನ್, ಬಣ್ಣ, ಅಂಟು ಎಲ್ಲ ಕಲೆತ ಒಂದು ವಾಸನೆ ಮೂಗಿಗೆ ಬಡಿಯಿತು. ಎಂಬತ್ತು ದಾಟಿದ ಮೇಲೆ ನನ್ನ ಮೂಗು ರಜೆಯ ಮೇಲಿದೆ. ಒಲೆಯ ಮೇಲೆ ಒಗ್ಗರಣೆ ಸೀದರೂ ನನಗೆ ತಿಳಿಯುವುದಿಲ್ಲ. ಆದರೆ ಈ ವಾಸನೆ ತಿಳಿಯಿತು. ಬೆಟಗೇರಿಯ ನಮ್ಮ ಓಣಿಗೆ ಮೊಟ್ಟಮೊದಲು ಬಂದ ಹೊಸ ಲಾರಿಯೊಳಗೆ ಇದೇ ವಾಸನೆ ಇತ್ತು...

ಆ ಲಾರಿಯ ಮಾಲೀಕರು ನಮ್ಮ ಪಕ್ಕದ ಮನೆಯವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು ಎನ್ನುತ್ತಿದ್ದೆ. ನನಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಲಕ್ಷ್ಮೇಶ್ವರದ ಹುಡುಗಿ ನಾನು. ಮುಲ್ಕಿ ಪಾಸಾಗಿ, ಅಂದರೆ ಕನ್ನಡ ಏಳನೆಯ ಇಯತ್ತೆ ಮುಗಿಸಿ, ಧಾರವಾಡದಲ್ಲಿ ಟ್ರೇನಿಂಗ್ ಮಾಡಿಕೊಂಡು ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಗೆ ಬಂದಿದ್ದೆ. ನಾನೂ ಅವ್ವನೂ ನೇಕಾರರ ಓಣಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದಿದ್ದೆವು. ಹಗಲೆಲ್ಲ ಮಗ್ಗದ ಸದ್ದು. ಓಣಿಯ ಜನ ನನ್ನನ್ನು ಅಕ್ಕೋರು ಎನ್ನುತ್ತಿದ್ದರು. ಅಕ್ಕೋರಿಗೆ ತಿಳಿಯದ್ದು ಯಾವುದೂ ಇಲ್ಲ ಎಂದು ಅವರೆಲ್ಲ ನಂಬಿದ್ದರು, ಆ ನಂಬಿಕೆಯನ್ನು ಕೆಡಿಸುವ ಕೆಲಸವನ್ನು ನಾನು ಮಾಡಲಿಲ್ಲ. ಪತ್ರ ಬರೆಸಲು, ಓದಿಸಲು, ಕೋರ್ಟಿನ ನೋಟೀಸು ತೋರಿಸಲು ಬರುವವರು ವಾರಕ್ಕೆ ನಾಲ್ಕು ಜನರಾದರೂ ಇರುತ್ತಿದ್ದರು.

ಕಾಕಾ ಹಿರೇಹಂದಿಗೋಳದ ಕಂಬಾರರ ಮನೆಯವರು. ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ ಗಾಡಿ ಓಡಿಸಲು ಕಲಿತಿದ್ದರು. ಊರಿಗೆ ಮರಳಿದ ಮೇಲೆ ಗದಗಿನ ಒಬ್ಬ ಹತ್ತಿ ಸಾಹುಕಾರರ ಲಾರಿಗೆ ಡ್ರೈವರಾದರು. ಮುಂಡರಗಿ, ಶಿರಹಟ್ಟಿ ಕಡೆಯಿಂದ ಹತ್ತಿಯ ಅಂಡಿಗೆಗಳನ್ನು ತುಂಬಿಕೊಂಡು ಬಂದು ಜಿನ್ನಿಂಗ್ ಫ್ಯಾಕ್ಟರಿಗೆ ಇಳಿಸುವುದು ಅವರ ಕೆಲಸ. ಮಾತು ಕಡಿಮೆ, ಕುತ್ತಿಗೆಗೆ ಯಾವಾಗಲೂ ಒಂದು ಕೆಂಪು ವಸ್ತ್ರ. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನವೂ ಅಂಡಿಗೆ ಹೊತ್ತೇ ಇದ್ದೆ ಎಂದು ಅವರು ಹೇಳುತ್ತಿದ್ದುದುಂಟು, ಅದರಲ್ಲಿ ದೂರೇನೂ ಇರುತ್ತಿರಲಿಲ್ಲ.

ಅವರಿಗೆ ಸ್ವಂತ ಲಾರಿಯ ಹುಚ್ಚು ಹಿಡಿದದ್ದು ಯಾಕೆ ಎಂಬುದನ್ನು ಕಾಕು ನನಗೆ ಹೇಳಿದ್ದರು. ಒಮ್ಮೆ ಕಾಕು ಮುಂಡರಗಿಯ ತವರಿಗೆ ಹೊರಟಿದ್ದರಂತೆ. ಕಾಕಾ ಓಡಿಸುವ ಲಾರಿ ಹೇಗೂ ಅತ್ತಲೇ ಹೋಗುತ್ತಿತ್ತು. ಮುಂದಿನ ಸೀಟಿನಲ್ಲಿ ಸಾಹುಕಾರರ ಅಳಿಯ ಕುಳಿತಿದ್ದ, ಜೊತೆಗೆ ಅವನ ಚೀಲ. ಚೀಲವನ್ನು ಹಿಂದೆ ಹಾಕಿ ಕಾಕುವನ್ನು ಮುಂದೆ ಕೂರಿಸಬಹುದಿತ್ತು. ಆದರೆ ಚೀಲ ಮುಂದೆಯೇ ಉಳಿಯಿತು, ಕಾಕು ಹಿಂದೆ ಖಾಲಿ ಗೋಣಿಗಳ ಮೇಲೆ ಧೂಳು ಕುಡಿಯುತ್ತ ಮುಂಡರಗಿಯವರೆಗೆ ಹೋದರು. ಕಾಕಾ ಅಂದಿನಿಂದ ಪಗಾರದಲ್ಲಿ ಒಂದಿಷ್ಟು ತೆಗೆದಿಡಲು ಶುರು ಮಾಡಿದರು.

ನಾನು ಆ ಓಣಿಗೆ ಬಂದ ಮರುವರ್ಷ, ದೀಪಾವಳಿಗೆ ಮುಂಚೆ, ಹುಬ್ಬಳ್ಳಿಯಿಂದ ಕೋಟು ಹಾಕಿದ ಒಬ್ಬ ಏಜೆಂಟ್ ಬಂದ. ಕಂತಿನ ಮೇಲೆ ಲಾರಿ ಕೊಡಿಸುವ ಕಂಪನಿಯವನು. ಅವನ ಹತ್ತಿರ ಎರಡು ದಾರಿ ಇದ್ದವು. ಎರಡು ವರ್ಷದಲ್ಲಿ ತೀರಿಸಿದರೆ ಕಂತು ದೊಡ್ಡದು, ನಾಲ್ಕು ವರ್ಷದಲ್ಲಿ ತೀರಿಸಿದರೆ ಕಂತು ಸಣ್ಣದು. ಕಾಕಾಗೆ ಸಣ್ಣ ಕಂತು ಹಿಡಿಸಿತು. ಇಂಗ್ಲಿಷ್ ಬಾರದಿದ್ದರೂ ಲೆಕ್ಕ ನನಗೆ ಬರುತ್ತಿತ್ತು. ಶಾಲೆಯ ಪಾಟಿಯ ಮೇಲೆ ಗುಣಿಸಿ ಕೂಡಿಸಿ ತೋರಿಸಿದೆ. ಬಡ್ಡಿಯನ್ನು ಅವರು ಉಳಿದ ಸಾಲಕ್ಕೆ ಹಾಕುತ್ತಿರಲಿಲ್ಲ, ಮೊದಲ ದಿನದ ಇಡೀ ಸಾಲಕ್ಕೆ ನಾಲ್ಕೂ ವರ್ಷ ಹಾಕುತ್ತಿದ್ದರು. ಒಂದು ಲಾರಿ ಕೊಂಡು ಒಂದೂವರೆ ಲಾರಿಯ ದುಡ್ಡು ಕೊಟ್ಟಂತಾಗುತ್ತಿತ್ತು. ನಾಲ್ಕನೆಯ ವರ್ಷದ ಹೊತ್ತಿಗೆ ಗಾಡಿ ಅರ್ಧ ಸವೆದಿರುತ್ತದೆ, ಬಡ್ಡಿ ಮಾತ್ರ ಹೊಸದರಂತೆಯೇ ಇರುತ್ತದೆ ಎಂದೆ.

ಕಾಕಾ ಪಾಟಿಯನ್ನು ಪಕ್ಕಕ್ಕಿಟ್ಟರು. "ನಾಲ್ಕು ವರ್ಷದಾಗ ರಾಜ್ಯ ಒಂದಾಗೂದು ಖರೆ ಅಕ್ಕೋರ. ಆಮ್ಯಾಲ ಕೊಪ್ಪಳ, ಬಳ್ಳಾರಿ ಎಲ್ಲಾ ನಮ್ಮವ. ನಾಕಾ ಇರಂಗಿಲ್ಲ, ಎರಡೆರಡು ಪರ್ಮಿಟ್ ಇರಂಗಿಲ್ಲ. ಆವಾಗ ಬಾಡಿಗಿ ತಾನ ಬರತೈತಿ" ಎಂದರು.

ಆಗ ಓಣಿಯಲ್ಲಿ ಎಲ್ಲರ ಬಾಯಲ್ಲೂ ಏಕೀಕರಣದ ಮಾತೇ. ಗದಗ ಮುಂಬಯಿ ರಾಜ್ಯದಲ್ಲಿ, ಕೊಪ್ಪಳ ಹೈದರಾಬಾದಿನಲ್ಲಿ. ಎರಡೂ ಊರಿನ ಜನ ಕನ್ನಡವನ್ನೇ ಆಡಿದರೂ ನಡುವೆ ಗಡಿಯ ನಾಕಾದಲ್ಲಿ ಲಾರಿ ನಿಲ್ಲಿಸಿ ಕಾಗದ ಕೇಳುತ್ತಿದ್ದರು. ಉಳಿದವರು ಸಭೆಗೆ ಹೋಗಿ ಘೋಷಣೆ ಕೂಗಿದರು, ಕಾಕಾ ಅದನ್ನು ನಂಬಿ ಸಾಲ ಮಾಡಿದರು.

ಕರಾರಿನ ಕಾಗದ ಅವರ ಪಡಸಾಲೆಯಲ್ಲೇ ಆಯಿತು. ಭಾನುವಾರ ಮಧ್ಯಾಹ್ನ. ಓಣಿಯ ನಾಲ್ಕೈದು ಹಿರಿಯರು ಚಾಪೆಯ ಮೇಲೆ ಕುಳಿತಿದ್ದರು. ಕಾಕು ಎಲ್ಲರಿಗೂ ಚಹಾ ಕೊಟ್ಟರು. "ಅಕ್ಕೋರ, ಇದನ್ನೊಂದೀಟು ಓದಿ ಹೇಳ್ರಿ" ಎಂದು ಕಾಕಾ ಕಾಗದವನ್ನು ನನ್ನ ಕೈಗೆ ಕೊಟ್ಟರು. ಎಲ್ಲ ಇಂಗ್ಲಿಷಿನಲ್ಲಿತ್ತು. ನನಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಅಕ್ಷರಗಳು, ತಿಂಗಳ ಹೆಸರುಗಳು, ನನ್ನ ಸಹಿ. ಮುಂಬದಿಯಲ್ಲಿ ಅಂಕಿಗಳಿದ್ದವು, ಅವನ್ನು ಹಿಡಿದುಕೊಂಡು ಕಂತೆಷ್ಟು, ತಾರೀಖು ಯಾವುದು ಎಂದು ಧೈರ್ಯವಾಗಿ ಹೇಳಿದೆ. ಆಮೇಲೆ ಹಾಳೆ ಹೊರಳಿಸಿದೆ. ಹಿಂದೆ ಮೇಲಿನಿಂದ ಕೆಳಗಿನವರೆಗೆ ಇರುವೆ ಸಾಲಿನಂಥ ಸಣ್ಣ ಅಕ್ಷರ. ಒಂದು ಅಂಕಿಯೂ ಇಲ್ಲ. ಒಂದು ಸಾಲೂ ನನಗೆ ತಿಳಿಯಲಿಲ್ಲ. ಹಿರಿಯರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಹಿಂದಿಂದು ಏನಿಲ್ಲ ಕಾಕಾ. ಎಲ್ಲಾ ಕಾಗದದಾಗೂ ಇರೂದ ಅದು" ಎಂದೆ.

"ನೋಡಿದ್ರಿಲ್ಲ?" ಎಂದರು ಕಾಕಾ.

"ನೋಡಿದೆ" ಎಂದೆ.

ಕಾಕು ಒಳಗಿಂದ ಕರೆದರು, ಕಾಕಾ ಹೋಗಿ ಬಂದು ಕನ್ನಡದಲ್ಲಿ ಸಹಿ ಹಾಕಿದರು. ಸಾಕ್ಷಿಯ ಜಾಗದಲ್ಲಿ ನಾನು ಇಂಗ್ಲಿಷಿನಲ್ಲಿ ಸಹಿ ಹಾಕಿದೆ. ಏಜೆಂಟ್ ನನ್ನ ಅಕ್ಷರವನ್ನು ಹೊಗಳಿದ, ನನಗೆ ಹೆಮ್ಮೆಯೇ ಆಯಿತು.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆಗ ಲಾರಿ ಇಡಿಯಾಗಿ ಬರುತ್ತಿರಲಿಲ್ಲ. ಎಂಜಿನ್ನು, ಗಾಲಿ, ಕಬ್ಬಿಣದ ಚೌಕಟ್ಟು, ಇಷ್ಟೇ. ಕಾಕಾ ಹುಬ್ಬಳ್ಳಿಯಿಂದ ಅದರ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆ ಕಟ್ಟಿಕೊಂಡು, ಪೆಟ್ಟಿಗೆಯ ಮೇಲೆ ಕುಳಿತು, ತಲೆಗೆ ಟವೆಲ್ ಸುತ್ತಿಕೊಂಡು ಓಡಿಸಿಕೊಂಡು ಬಂದರು. ಮಿಕ್ಕ ಮೈಯನ್ನು ಗದಗಿನ ಬಡಿಗೇರರು ಸಾಗವಾನಿ ಹಲಗೆಯಲ್ಲಿ ಕಟ್ಟಬೇಕು. ಅದಕ್ಕೆ ಬೇರೆ ದುಡ್ಡು, ಎರಡೂವರೆ ತಿಂಗಳು ಸಮಯ. ಕಂತು ಮಾತ್ರ ಚೌಕಟ್ಟು ಕೈಗೆ ಬಂದ ದಿನದಿಂದಲೇ ಶುರುವಾಗಿತ್ತು. ಮೈಯಿಲ್ಲದ ಲಾರಿ ಒಂದು ಪೈಸೆ ದುಡಿಯುವ ಮೊದಲೇ ಎರಡು ಕಂತು ತಿಂದಿತು. ಇದನ್ನು ನನ್ನ ಪಾಟಿಯ ಲೆಕ್ಕದಲ್ಲಿ ನಾನೂ ಹಿಡಿದಿರಲಿಲ್ಲ.

ಆದರೂ ಅದು ಸಿದ್ಧವಾಗಿ ಬಂದ ದಿನ ಓಣಿಗೆ ಓಣಿಯೇ ನೆರೆಯಿತು. ಹಸಿರು ಮೈ, ಹಳದಿ ಅಂಚು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಕಾಕಾ ಮೊದಲು ಕಾಕುವನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು, ಅವರ ಪಕ್ಕದಲ್ಲಿ ನನ್ನನ್ನು. ಸ್ಟೇಷನ್ನಿನವರೆಗೆ ಹೋಗಿ ಬಂದೆವು. ಕಾಕು ಉದ್ದಕ್ಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅದೇ ವಾರ ಅವರು ಮುಂಡರಗಿಗೂ ಹಾಗೆಯೇ ಮುಂದೆ ಕುಳಿತು ಹೋಗಿ ಬಂದರು.

ಮೊದಲ ವರ್ಷ ಹೇಗೋ ದಾಟಿತು. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗಳೆಲ್ಲ ಕೆಸರಾಗಿ ಲಾರಿ ನಿಂತಾಗ ಕಾಕುವಿನ ಕೈಯ ಬಂಗಾರದ ಪಾಟ್ಲಿಗಳು ಕಂತು ಕಟ್ಟಿದವು. ಎರಡನೆಯ ವರ್ಷ ಹತ್ತಿ ಚೆನ್ನಾಗಿ ಬಂತು. ಹಗಲೂ ರಾತ್ರಿ ಬಾಡಿಗೆ. ಬೇಸಿಗೆ ಮುಗಿಯುವಾಗ ಕಾಕಾ ಹುಬ್ಬಳ್ಳಿಗೆ ಹೋಗಿ ಐದು ಕಂತನ್ನು ಒಮ್ಮೆಗೇ ಕಟ್ಟಿ ಬಂದರು. ಇನ್ನು ದಸರೆಯವರೆಗೆ ಚಿಂತೆಯಿಲ್ಲ ಎಂದು ಹಾಯಾಗಿ ಚಹಾ ಕುಡಿದರು.

ಅದು ಅವರ ತಪ್ಪು ಎನ್ನಲು ನನಗೆ ಈಗಲೂ ಮನಸ್ಸು ಬರುವುದಿಲ್ಲ. ಕಂಬಾರರ ಮನೆಯಲ್ಲಿ ವರ್ಷಪೂರ್ತಿ ಕುಡುಗೋಲು, ಕುಳ ಮಾಡಿಕೊಟ್ಟು ಸುಗ್ಗಿಯಲ್ಲಿ ಒಂದೇ ಸಲ ರೈತರ ಕಣಕ್ಕೆ ಹೋಗಿ ಆಯದ ಜೋಳ ತರುತ್ತಿದ್ದರು. ಕಿರಾಣಿ ಅಂಗಡಿಯವನೂ ಅರಿವೆ ಅಂಗಡಿಯವನೂ ಸುಗ್ಗಿಯವರೆಗೆ ಕಾಯುತ್ತಿದ್ದರು. ಸುಗ್ಗಿಯಲ್ಲಿ ಕೊಟ್ಟರೆ ವರ್ಷ ಚುಕ್ತಾ ಆದಂತೆ. ಇದು ನಮ್ಮ ಕಡೆಯ ಎಲ್ಲರ ರೂಢಿ, ನನ್ನ ತಂದೆಯೂ ಹಾಗೆಯೇ ಬದುಕಿದವರು. ಕಂಪನಿಗೆ ಸುಗ್ಗಿ ಎಂಬುದು ಇರಲಿಲ್ಲ. ಹೆಚ್ಚಿಗೆ ಕಟ್ಟಿದ ದುಡ್ಡನ್ನು ಅದು ಮುಂದಿನ ತಿಂಗಳಿಗೆ ಹಿಡಿಯದೆ ನಾಲ್ಕನೆಯ ವರ್ಷದ ಕೊನೆಯ ಕಂತುಗಳಿಗೆ ಜಮಾ ಮಾಡಿಕೊಂಡಿತ್ತು. ಮುಂದಿನ ತಿಂಗಳು ಕಂತು ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ ಎಂದು ಬರೆದುಕೊಂಡಿತು. ಎರಡು ಕಂತು ತಪ್ಪಿದರೆ ಗಾಡಿ ನಿಂತ ಜಾಗದಿಂದಲೇ ಒಯ್ಯಬಹುದು. ಇಷ್ಟೂ ಆ ಹಾಳೆಯ ಹಿಂದೆ ಇತ್ತು.

ಲಾರಿ ಆಗ ಕೊರ್ಲಹಳ್ಳಿಯಲ್ಲಿ, ಹೊಳೆಯ ದಂಡೆಯಲ್ಲಿ ನಿಂತಿತ್ತು. ಇಬ್ಬರು ಬಂದು ಕಾಗದ ತೋರಿಸಿ ಕೀಲಿಕೈ ತೆಗೆದುಕೊಂಡರು. ಮರುದಿನ ಮಧ್ಯಾಹ್ನ ಕಾಕಾ ಬಸ್ಸಿನಿಂದ ಇಳಿದು, ಲಾರಿಯ ಸರಕಿಗೆ ಹೊದಿಸುವ ತಾಡಪತ್ರಿಯ ದೊಡ್ಡ ಸುರುಳಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಓಣಿಯಲ್ಲಿ ನಡೆದು ಬಂದರು. ತಾಡಪತ್ರಿ ಅವರ ಸ್ವಂತದ್ದು, ಅದು ಕರಾರಿನಲ್ಲಿ ಇರಲಿಲ್ಲ. ಕಟ್ಟೆಯ ಮೇಲೆ ಅದನ್ನು ಇಳಿಸಿ ಕಾಕುವನ್ನು ನೀರು ಕೇಳಿದರು.

ಹುಬ್ಬಳ್ಳಿಯ ಆಫೀಸಿಗೆ ಎರಡು ಸಲ ಹೋಗಿ ಬಂದರು. ಓಣಿಯವರು ಕಂಪನಿಯನ್ನು ಬೈಯುತ್ತಿದ್ದರೆ ಕಾಕಾ ತಡೆಯುತ್ತಿದ್ದರು. "ಕಾಗದದ ಹಿಂದ ಬರದೈತಂತ. ಅವರು ಬರದಂಗ ಮಾಡ್ಯಾರ" ಎನ್ನುತ್ತಿದ್ದರು. ಆ ಮಾತು ಆಡುವಾಗ ಅವರು ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಒಳಗೆ ಹೋಗಿ ಶಾಲೆಯ ಹುಡುಗಿಯರ ವಹಿ ತಿದ್ದುತ್ತ ಕೂಡುತ್ತಿದ್ದೆ. ಹೇಳಬೇಕು, ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ದಿನ ಕಳೆದೆ...

ಲಾರಿ ಹರಾಜಾಯಿತು. ಲಕ್ಷ್ಮೇಶ್ವರದ ಒಬ್ಬ ವ್ಯಾಪಾರಿ ಹಿಡಿದ. ಅದರ ಗೇರಿನ ಹದ ಬೇರೆ ಯಾರಿಗೂ ತಿಳಿಯಲಿಲ್ಲವೆಂದು ಕಾಕಾರನ್ನೇ ಡ್ರೈವರನ್ನಾಗಿ ಕರೆದ. ಅವರು ಹೋದರು. ಕಾಕು ಮಾತ್ರ ಆ ಗಾಡಿಯನ್ನು ಮತ್ತೆ ಹತ್ತಲಿಲ್ಲ, ಮುಂಡರಗಿಗೆ ಬಸ್ಸಿನಲ್ಲೇ ಹೋಗುತ್ತಿದ್ದರು.

ರಾಜ್ಯ ಒಂದಾಯಿತು. ಶಾಲೆಯಲ್ಲಿ ಪೇಢೆ ಹಂಚಿದೆವು. ಆ ವಾರದಲ್ಲೇ ಕಾಕಾ ಕೊಪ್ಪಳಕ್ಕೆ ಹೋಗಿ ಬಂದವರು ಕಟ್ಟೆಯ ಮೇಲೆ ಕುಳಿತು ನನಗೆ ಹೇಳಿದರು, "ನಾಕಾದಾಗ ಯಾರೂ ಕೇಳಲಿಲ್ರಿ ಅಕ್ಕೋರ. ಗಾಡಿ ನಿಂದರಸೂ ಕೆಲಸನ ಇಲ್ಲ." ಮುಖದಲ್ಲಿ ನಿಜವಾದ ಸಂತೋಷ ಇತ್ತು. ಬಾಡಿಗೆಯ ದುಡ್ಡು ಲಕ್ಷ್ಮೇಶ್ವರಕ್ಕೆ ಹೋಗುತ್ತದೆ ಎಂಬುದು ಆ ಹೊತ್ತಿನಲ್ಲಿ ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

ಮುಂದೆ ನನಗೆ ಶಿರಹಟ್ಟಿಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಕಾಕಾ ತೀರಿಕೊಂಡರೆಂದು ತಿಳಿದು ಕಾಕುವನ್ನು ಮಾತಾಡಿಸಲು ಹೋದೆ. ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಧೈರ್ಯ ಮಾಡಿ, ಆ ಹಾಳೆಯ ಹಿಂಬದಿ ನನಗೆ ಓದಲು ಬಂದಿರಲಿಲ್ಲ ಎಂದು ಶುರು ಮಾಡಿದೆ. ಕಾಕು ನನ್ನ ಕೈ ಹಿಡಿದುಕೊಂಡರು.

"ಅವರಿಗೆ ಅವತ್ತ ಗೊತ್ತಾಗಿತ್ರಿ ಅಕ್ಕೋರ. ನಾ ಒಳಗ ಕರದು ಹೇಳಿದೆ, ಮತ್ತೊಬ್ಬರ ಕಡೆ ಓದಸ್ರಿ ಅಂತ. ಓದಸಿದ್ರ ಹುಡುಗಿ ಮಾರಿ ಸಣ್ಣದಾಕ್ಕೇತಿ, ಇಡೀ ಓಣಿ ಆಕಿನ್ನ ನಂಬೇತಿ, ಇರ್ಲಿ ಬಿಡು ಅಂದ್ರು."

ಅವರು ಕೊಟ್ಟ ಚಹಾ ಆರಿತ್ತು, ಅದನ್ನೇ ಕುಡಿದು ಎದ್ದು ಬಂದೆ. ಒಂದು ಲಾರಿಗಿಂತ ನನ್ನ ಮರ್ಯಾದೆ ದೊಡ್ಡದೆಂದು ಇನ್ನೊಬ್ಬರು ಎಣಿಸಿದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಆ ಮರ್ಯಾದೆಯನ್ನೇ ಕಟ್ಟಿಕೊಂಡು ನಾನು ಮೂವತ್ತು ವರ್ಷ ಪಾಠ ಹೇಳಿದೆ, ನಿವೃತ್ತಿಯ ದಿನ ಶಾಲು ಹೊದಿಸಿಕೊಂಡೆ.

ಕಾಕು ಹೋಗಿ ಎಷ್ಟೋ ಕಾಲವಾಯಿತು. ಲಾರಿ ಯಾವ ಗುಜರಿಗೆ ಹೋಯಿತೋ ತಿಳಿಯದು. ಮೊನ್ನೆ ಲಕ್ಕುಂಡಿಯಲ್ಲಿ ಕಾರು ನಿಲ್ಲಿಸಿ ಹುಡುಗ, "ಏಳು ವರ್ಷದ ಸಾಲ ಐತಿ ಅಜ್ಜಿ, ನಿಮಗ ಲೆಕ್ಕ ತಿಳಿತೈತಲ್ಲ, ಇದನ್ನೊಂದು ನೋಡ್ರಿ" ಎಂದು ಕಾಗದದ ಕಟ್ಟನ್ನೇ ತೊಡೆಯ ಮೇಲೆ ಇಟ್ಟ. ಅದೂ ಇಂಗ್ಲಿಷಿನಲ್ಲೇ ಇತ್ತು. ಕನ್ನಡಕ ಹಾಕಿಕೊಂಡು ಒಂದು ಪುಟ ನೋಡಿದೆ.

"ನನಗ ಇದು ಓದಾಕ ಬರಂಗಿಲ್ಲಪ್ಪ. ಬಲ್ಲವರ ಕಡೆ ಓದಸು" ಎಂದೆ.

ಅವನು ಸರಿ ಎಂದು ಕಟ್ಟನ್ನು ತೆಗೆದಿಟ್ಟ. ನನ್ನ ಮುಖ ಸಣ್ಣದಾಯಿತೋ ಎಂದು ಅವನು ನೋಡಲೂ ಇಲ್ಲ.