ಕಾಲಿರುವ ಚೀಲ ಮತ್ತು ವಾಪಸ್ ಸಾಹೇಬರು

ವಾಪಸ್ ಸಾಹೇಬರನ್ನು ಆ ಮೈದಾನದಲ್ಲಿ ಮೊದಲ ಸಲ ಕಂಡವರೆಲ್ಲ ಅವರನ್ನು ಬಾಡಿಗೆಗೆ ಚೀಲ ಹೊರುವ ಆಳೆಂದೇ ತಿಳಿದರು. ಇದನ್ನು ಬರೆಯುತ್ತಿರುವವನೂ ಆ ಪೈಕಿಯವನೇ. ಮಂಡಿಯಲ್ಲಿ ಉಬ್ಬಿದ ಪ್ಯಾಂಟು, ಕಾರ್ಖಾನೆಯ ಹೆಸರು ಮಾಸಿಹೋದ ಟೋಪಿ, ಬಲ ಹೆಗಲಿನಿಂದ ಜೋತುಬಿದ್ದ ಗಾಲ್ಫ್ ಕೋಲುಗಳ ಉದ್ದನೆಯ ಚೀಲ. ಮುಂದೆ ಕೈಬೀಸಿಕೊಂಡು ನಡೆಯುವ ಹೆಂಗಸು, ಹಿಂದೆ ಏದುಸಿರು ಬಿಡುತ್ತ ಇವರು. ಇನ್ನೇನೆಂದು ತಿಳಿಯಬೇಕು? ಲೆಕ್ಕಪತ್ರ ವಿಭಾಗಕ್ಕೆ ಹೊಸದಾಗಿ ಬಂದ ಅಧಿಕಾರಿಯೊಬ್ಬರಂತೂ ಒಂದು ಬೆಳಿಗ್ಗೆ ತಮ್ಮ ಹೊಚ್ಚಹೊಸ ಚೀಲವನ್ನು ಅವರ ಕೈಗಿತ್ತು, "ಇದನ್ನೂ ಸ್ವಲ್ಪ ಹಿಡ್ಕೊಳ್ಳಪ್ಪ" ಎಂದುಬಿಟ್ಟರು.

ಸಾಹೇಬರು ಬೇಸರಪಡಲಿಲ್ಲ. ಚೀಲವನ್ನು ಇಸಿದುಕೊಂಡು, ಜಿಪ್ಪನ್ನು ಎಳೆದು ನೋಡಿ, ಪಟ್ಟಿಯ ಹೊಲಿಗೆಗೆ ಉಗುರು ಕೊಟ್ಟು, ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಗಂಭೀರವಾಗಿ ಹಿಂದಕ್ಕೆ ಕೊಟ್ಟರು.

"ಮಳೆಗಾಲ ದಾಟಲ್ಲ ಇದು. ಬಿಲ್ ಇದ್ರೆ ಇವತ್ತೇ ವಾಪಸ್ ಮಾಡಿ."

ಅಷ್ಟರಲ್ಲಿ ಮುಂದೆ ಹೋಗಿದ್ದ ಹೆಂಗಸು ತಿರುಗಿ, "ರೀ, ಅಲ್ಲೇನು ನಿಮ್ಮ ಪರೀಕ್ಷೆ? ಬನ್ನಿ ಬೇಗ" ಎಂದು ಕರೆದಳು. ಅಧಿಕಾರಿಗಳಿಗೆ ಆಗ ಹೊಳೆಯಿತು, ಇದು ಸಂಸಾರದ ಕರೆ ಎಂದು. ಅವರು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಚೀಲದ ಸಮೇತ ದಿಬ್ಬ ಹತ್ತುತ್ತಿದ್ದರು.

ವಾಪಸ್ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಿಲ್ಲ. ಕಾರ್ಖಾನೆಯ ಉಗ್ರಾಣದಲ್ಲಿ, ಹೊರಗಿನಿಂದ ಬರುವ ಸಾಮಾನುಗಳನ್ನು ಪರೀಕ್ಷಿಸಿ ಒಳಗೆ ಬಿಡುವ ಮೇಜು ಅವರದು. ನಟ್ಟು, ಬೋಲ್ಟು, ಕೈಗವಸು, ಕಸಪೊರಕೆ, ಏನೇ ಬರಲಿ, ಮೊದಲು ಅವರ ಹೆಬ್ಬೆರಳಿನ ಕೆಳಗೆ ಹಾಯ್ದು ಬರಬೇಕು. ಮೇಜಿನ ಮೇಲೆ ಎರಡು ಮೊಹರುಗಳಿದ್ದವು. 'ಸ್ವೀಕೃತ' ಎನ್ನುವುದರ ಹಿಡಿ ಕೊನೆಯವರೆಗೂ ಹೊಸದರಂತೆ ಹೊಳೆಯುತ್ತಿತ್ತು. 'ವಾಪಸ್' ಎನ್ನುವುದರ ಹಿಡಿ ಸವೆದು ಅವರ ಅಂಗೈಯ ಆಕಾರಕ್ಕೆ ಬಂದಿತ್ತು. ಹಾಗೆಂದು ಅವರು ಸುಮ್ಮಸುಮ್ಮನೆ ಕಿರಿಕಿರಿ ಮಾಡುವ ಜಾತಿಯಲ್ಲ. ಅವರಿಗೆ ಅವರದೇ ಕಟ್ಟುನಿಟ್ಟು ಇತ್ತು. ಒಮ್ಮೆ ನೀಲಿ ಕೈಗವಸು ಕೇಳಿದ್ದಕ್ಕೆ ಗುಲಾಬಿ ಬಣ್ಣದವು ಬಂದಾಗ ಇಡೀ ವಿಭಾಗ ನಕ್ಕಿತು. ಸಾಹೇಬರು ಹೊಲಿಗೆ ನೋಡಿ, ಒಳಗೆ ಕಳಿಸಿದರು. "ಬಣ್ಣಕ್ಕೆ ವಾಪಸ್ ಇಲ್ಲ. ಬಣ್ಣ ನೋಡಿ ಸಾಮಾನು ಒಪ್ಪೋನು, ಬಣ್ಣ ನೋಡಿ ಸಾಮಾನು ಬೇಡ ಅನ್ನೋನು, ಇಬ್ಬರೂ ಉಗ್ರಾಣಕ್ಕೆ ನಾಲಾಯಕ್ಕು" ಎಂದು ಕೈಕೆಳಗಿನವರಿಗೆ ಪಾಠವನ್ನೂ ಹೇಳಿದರು. ಅವರ ಮನೆಯ ಕಿಟಕಿಗೊಂದೊಂದು ಬಣ್ಣದ ಪರದೆ ಇರುವುದು ಇದೇ ಸಿದ್ಧಾಂತದಿಂದ.

ನಿವೃತ್ತಿಯ ದಿನ ಕಾಣಿಕೆಯಾಗಿ ಬಂದ ಗೋಡೆ ಗಡಿಯಾರವನ್ನು ಕಿವಿಗೆ ಹಿಡಿದು ಕೇಳಿ, ವೇದಿಕೆಯ ಮೇಲೆಯೇ ಹಿಂದಿರುಗಿಸಿದರು ಎಂಬ ಕಥೆ ಕಾರ್ಖಾನೆಯಲ್ಲಿ ಈಗಲೂ ಓಡಾಡುತ್ತದೆ. ಸಾಹೇಬರು ಅದನ್ನು ಒಪ್ಪುವುದಿಲ್ಲ. ಹಿಂದಿರುಗಿಸಿದ್ದು ವೇದಿಕೆಯಿಂದ ಇಳಿದ ಮೇಲೆ.

ಅವರ ಹೆಂಡತಿ ಅದೇ ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಕಿಟಕಿಯಿಲ್ಲದ ಕೋಣೆಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಯಾರು ಯಾರದೋ ಮಾತನ್ನು ಯಾರು ಯಾರಿಗೋ ಜೋಡಿಸಿ ಆಯುಷ್ಯ ಕಳೆದವಳು. ಕೆಲಸ ಮುಗಿದ ಮರುದಿನ, ಕಾರ್ಖಾನೆಯ ಹಿಂದೆ ನೌಕರರಿಗೆಂದೇ ಇರುವ ಒಂಬತ್ತು ಗುಂಡಿಗಳ ಗಾಲ್ಫ್ ಮೈದಾನಕ್ಕೆ ಹೋಗಿ ಹೆಸರು ಬರೆಸಿ ಬಂದಳು.

"ನಡೀಬೇಕು ಅಂದ್ರೆ ನಡಿ. ಅದಕ್ಕೆ ಕೋಲು ಯಾಕೆ, ಚೆಂಡು ಯಾಕೆ?" ಎಂದಿದ್ದರು ಸಾಹೇಬರು.

"ಸುಮ್ನೆ ನಡೆದ್ರೆ ಮನೆ ಕಡೆ ತಿರುಗೋಣ ಅನ್ಸುತ್ತೆ. ಚೆಂಡು ಹೊಡೆದ್ರೆ ಅದರ ಹಿಂದೆ ಹೋಗ್ಲೇಬೇಕಲ್ಲ."

ಈ ವಾದದಲ್ಲಿ ಸಾಹೇಬರಿಗೆ ಹೊಲಿಗೆ ಬಿಚ್ಚಿದ ಜಾಗ ಕಾಣಲಿಲ್ಲ. ತಾವು ಆಡುವುದಕ್ಕೆ ಮಾತ್ರ ಒಪ್ಪಲಿಲ್ಲ. ಅಷ್ಟು ದೊಡ್ಡ ಬಯಲನ್ನಿಟ್ಟುಕೊಂಡು ಅಷ್ಟು ಸಣ್ಣ ಗುಂಡಿ ತೋಡಿದವನ ಲೆಕ್ಕಾಚಾರದಲ್ಲೇ ದೋಷವಿದೆ ಎಂದರು. ಆದರೆ ಮೊದಲ ದಿನವೇ ಅವಳ ಚೀಲವನ್ನು ಎತ್ತಿ ಹೆಗಲಿಗೇರಿಸಿಕೊಂಡರು. ಅದನ್ನು ಹೊರುವುದು ಎಂದು ಅವರು ಎಂದೂ ಕರೆಯಲಿಲ್ಲ. "ಸಾಮಗ್ರಿಯ ಉಸ್ತುವಾರಿ ನನ್ನದು" ಎನ್ನುತ್ತಿದ್ದರು.

ಮನೆಯಲ್ಲಿ ಇಬ್ಬರ ಮಾತು ಗ್ಯಾಸು, ಬಾಗಿಲು, ಮಾತ್ರೆ ಇಷ್ಟರಲ್ಲಿ ಮುಗಿಯುತ್ತಿತ್ತು. ಮೈದಾನದಲ್ಲಿ ಹಾಗಲ್ಲ. ಎರಡನೇ ಗುಂಡಿಯ ಹೊತ್ತಿಗೆ ಮಗಳ ಮನೆಯ ಸಮಾಚಾರ, ನಾಲ್ಕನೆಯದರ ಹೊತ್ತಿಗೆ ಹಳೆಯ ಜಗಳಗಳು, ಆಮೇಲೆ ಬೇವಿನ ಮರದ ಕೆಳಗೆ ಕೂತು ಫ್ಲಾಸ್ಕಿನ ಚಹಾ. ಸಾಹೇಬರ ದಿನ ಎಂದರೆ ಆ ಬೆಳಗೇ. ಉಳಿದದ್ದೆಲ್ಲ ಮುಂದಿನ ಬೆಳಗಿಗೆ ಕಾಯುವುದು. ಇದನ್ನು ಅವರು ಹೆಂಡತಿಗೆ ಹೇಳಿದ್ದಿಲ್ಲ. ಒಳ್ಳೆಯ ಸಾಮಾನಿನ ಬಗ್ಗೆ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ವರದಿ ಬರೆಯುತ್ತಿದ್ದುದು ಕೆಟ್ಟ ಸಾಮಾನಿನ ಬಗ್ಗೆ ಮಾತ್ರ.

ಜಗಳ ಇದ್ದದ್ದು ಒಂದೇ ವಿಷಯಕ್ಕೆ. ಅವಳಿಗೆ ದೂರದ್ದು ಕಾಣುವುದಿಲ್ಲ. ಹೊಡೆದ ಚೆಂಡು ಕೋಲು ಬಿಟ್ಟ ಮೇಲೆ ಅವಳ ಪಾಲಿಗೆ ಅದು ಸತ್ತಂತೆಯೇ.

"ಎಲ್ಲಿ ಬಿತ್ತು ರೀ?"

"ನೋಡ್ಲಿಲ್ಲ."

"ಮತ್ತೇನು ನೋಡ್ತಿದ್ರಿ?"

"ಚೀಲ ಮಲಗಿಸ್ತಿದ್ದೆ."

ಹಳೆಯ ಚೀಲಕ್ಕೆ ನಿಲ್ಲುವ ಗುಣವಿರಲಿಲ್ಲ. ಪ್ರತಿ ಹೊಡೆತಕ್ಕೂ ಅದನ್ನು ಹುಲ್ಲಿನ ಮೇಲೆ ಮಲಗಿಸಬೇಕು, ಕೋಲು ಎತ್ತಿಕೊಡಬೇಕು, ಮತ್ತೆ ಬಗ್ಗಿ ಹೆಗಲಿಗೇರಿಸಬೇಕು. ಅಷ್ಟರಲ್ಲಿ ಚೆಂಡು ಪೊದೆ ಸೇರಿರುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತ ಅರ್ಧ ಬೆಳಗನ್ನು ಪೊದೆಯಲ್ಲಿ ಕಳೆಯುತ್ತಿದ್ದರು.

ಕೊನೆಗೊಂದು ದಿನ ಆ ಚೀಲದ ತಳವೇ ಕಳಚಿತು. ಸಾಹೇಬರು ದಿಬ್ಬ ಇಳಿಯುತ್ತಿದ್ದಂತೆ ಕೋಲುಗಳು ಒಂದೊಂದಾಗಿ ಹಿಂದೆ ಜಾರಿ ಹುಲ್ಲಿನಲ್ಲಿ ಬಿದ್ದವು. ಭಾರ ಕಡಿಮೆಯಾದದ್ದು ಅವರ ಗಮನಕ್ಕೆ ಬಂದಿತ್ತು. ಹೆಗಲು ಸುಧಾರಿಸುತ್ತಿದೆ ಎಂದುಕೊಂಡರು. ಹೆಗಲು ಕೆಟ್ಟು ಬಹಳ ಕಾಲವಾಗಿತ್ತು. ಭಾರ ಎತ್ತಬಾರದು ಎಂದ ವೈದ್ಯರ ಮಾತನ್ನು ಅವರು ಎಂದಿನಂತೆ ವಾಪಸ್ ಮಾಡಿದ್ದರು.

"ಸಾಕು" ಎಂದಳು ಹೆಂಡತಿ, ಕೋಲುಗಳನ್ನು ಆರಿಸುತ್ತ. "ಈ ಸಲ ಕಾಲಿರೋ ಚೀಲ ತಗೊಳ್ಳೋಣ. ಹಗುರದ್ದು, ಎರಡೂ ಹೆಗಲಿಗೆ ಪಟ್ಟಿ ಇರೋದು. ನಾನೇ ಹೊತ್ಕೋತೀನಿ."

ಕಾಲಿರುವ ಚೀಲವನ್ನು ಸಾಹೇಬರು ಬೇರೆಯವರ ಬಳಿ ನೋಡಿದ್ದರು. ನೆಲಕ್ಕೆ ಊರಿ ಕೊಂಚ ವಾಲಿಸಿದರೆ ಸಾಕು, ಪಕ್ಕೆಯಿಂದ ಎರಡು ಕಾಲು ಚಾಚಿಕೊಂಡು ತಾನೇ ನಿಲ್ಲುತ್ತದೆ. ಎತ್ತಿದರೆ ಕಾಲು ಮಡಚಿಕೊಳ್ಳುತ್ತದೆ. ಮಲಗಿಸುವವರು ಬೇಡ, ಎಬ್ಬಿಸುವವರು ಬೇಡ. ಹಾಗಾದರೆ ಉಸ್ತುವಾರಿ? ಆ ರಾತ್ರಿ ಊಟದಲ್ಲಿ ಅವರು ಉಪ್ಪು ಕಡಿಮೆ ಎಂದು ಹೇಳುವುದನ್ನೂ ಮರೆತರು. ಹೆಂಡತಿ ಅವರ ಹಣೆ ಮುಟ್ಟಿ ನೋಡಿದಳು.

ಶನಿವಾರ ಹೆಂಡತಿಯ ತಮ್ಮ ತನ್ನ ವ್ಯಾನಿನಲ್ಲಿ ಇಬ್ಬರನ್ನೂ ಆಟದ ಸಾಮಾನಿನ ಅಂಗಡಿಗೆ ಕರೆದೊಯ್ದ. ಅಂಗಡಿಯವನು ಸಾಧು ಮನುಷ್ಯ. ಗೋಡೆಯುದ್ದಕ್ಕೂ ನಿಲ್ಲಿಸಿದ್ದ ಚೀಲಗಳನ್ನು ತೋರಿಸಿ, "ನೋಡಿ ಸಾರ್, ನಿಧಾನವಾಗಿ ನೋಡಿ" ಎಂದ. ತಾನು ಏನು ಹೇಳಿದೆನೆಂದು ಅವನಿಗೆ ಆಗ ಗೊತ್ತಿರಲಿಲ್ಲ.

ಮೊದಲನೆಯದು ಗರಿಯಂತೆ ಹಗುರ. ಸಾಹೇಬರು ಅದರ ಕಾಲನ್ನು ಚಾಚಿ, ಮಡಚಿ, ಚಾಚಿ, ಕೀಲಿಗೆ ಕಿವಿಗೊಟ್ಟರು. "ಪ್ಲಾಸ್ಟಿಕ್ ಕೀಲು. ಗಾಳಿ ಬೀಸಿದ್ರೆ ಮಂಡಿಯೂರುತ್ತೆ. ವಾಪಸ್." ಎರಡನೆಯದು ಕೋಟೆಯಂತೆ ಗಟ್ಟಿ. "ಇದನ್ನ ಹೊರೋದಲ್ಲ, ಇದರೊಳಗೆ ಸಂಸಾರ ಹೂಡಬಹುದು. ವಾಪಸ್." ಇನ್ನೊಂದಕ್ಕೆ ಮೈತುಂಬ ಜೇಬು. "ಇಷ್ಟು ಜೇಬಿದ್ರೆ ಚೆಂಡು ಮೈದಾನದಲ್ಲಿ ಕಳೆಯಲ್ಲ, ಚೀಲದೊಳಗೇ ಕಳೆಯುತ್ತೆ." ಮತ್ತೊಂದರ ಬಾಯಲ್ಲಿ ಕೋಲುಗಳನ್ನು ಬೇರೆಬೇರೆ ಇಡುವ ಅಡ್ಡಪಟ್ಟಿಗಳಿದ್ದವು. ಸಾಹೇಬರು ಮೊಣಕೈವರೆಗೂ ಕೈ ತೂರಿಸಿದರು. ಪಟ್ಟಿಗಳು ತಳದವರೆಗೆ ಇಳಿದಿರಲಿಲ್ಲ. "ಮೇಲೆ ಶಿಸ್ತು, ಕೆಳಗೆ ಗೊಂದಲ. ಒಂದು ಕೋಲು ಎಳೆದ್ರೆ ನಾಲ್ಕು ಸಿಕ್ಕಿಕೊಳ್ಳುತ್ತೆ."

"ಭಾವ, ನಮ್ಮಕ್ಕನ್ನ ಒಪ್ಪೋವಾಗ್ಲೂ ನೀವು ಇಷ್ಟು ನೋಡ್ಲಿಲ್ಲ" ಎಂದ ತಮ್ಮ, ಕುರ್ಚಿ ಹುಡುಕಿಕೊಂಡು.

"ನನಗೆ ಅವಕಾಶ ಎಲ್ಲಿತ್ತು? ಪರೀಕ್ಷೆ ಮಾಡಿದ್ದು ಅವಳು."

"ಪಾಸ್ ಮಾಡಿದ್ದು ನನ್ನ ತಪ್ಪು" ಎಂದಳು ಅಕ್ಕ. ಆದರೆ ಅವಳು ಗಂಡನನ್ನೇ ನೋಡುತ್ತಿದ್ದಳು. ಅವರು ಹೇಳಿದ ದೋಷಗಳೆಲ್ಲ ನಿಜವಾದವೇ. ಆದರೆ ದೋಷ ಸಿಕ್ಕಾಗ ಉಗ್ರಾಣದಲ್ಲಿ ಮುಖ ಗಂಟಿಕ್ಕುತ್ತಿದ್ದ ಮನುಷ್ಯ ಇಲ್ಲಿ ಪ್ರತಿ ದೋಷಕ್ಕೂ ಒಂದಿಷ್ಟು ಹಗುರಾಗುತ್ತಿದ್ದರು.

ಮುಂದಿನ ಶನಿವಾರಗಳೂ ಹಾಗೆಯೇ ಹೋದವು. ಈ ನಡುವೆ ತಳ ಕಿತ್ತ ಚೀಲಕ್ಕೆ ಸಾಹೇಬರು ಹಳೆಯ ಟಯರಿನ ತುಂಡು ಹೊಲಿದು, ಮೊದಲಿಗಿಂತ ಭಾರ ಮಾಡಿ, ಮೊದಲಿಗಿಂತ ಹೆಮ್ಮೆಯಿಂದ ಹೊತ್ತರು. ಸಂಜೆ ಕೈ ಎತ್ತಿ ದೀಪದ ಗುಂಡಿ ಒತ್ತಲಾಗದೆ ಕತ್ತಲಲ್ಲಿ ಕೂತು, "ಕಣ್ಣಿಗೆ ತಂಪು" ಎಂದರು.

ಕೊನೆಗೆ ಒಂದು ಶನಿವಾರ ಅಂಗಡಿಯವನು ಒಳಗಿನಿಂದ ಬೂದು ಬಣ್ಣದ, ಸಾಸಿವೆ ಹಳದಿಯ ಅಂಚಿನ ಚೀಲವೊಂದನ್ನು ತಂದು, ಮಾತಾಡದೆ ಮುಂದಿಟ್ಟ. ಸಾಹೇಬರು ಶುರುಮಾಡಿದರು. ಕಾಲು ಲೋಹದ್ದು, ಕೀಲು ಬಿಗಿ, ಪಾದಕ್ಕೆ ಜಾರದ ರಬ್ಬರು. ಅಡ್ಡಪಟ್ಟಿ ತಳ ಮುಟ್ಟಿತ್ತು. ಪಟ್ಟಿಯ ಬುಡಕ್ಕೆ ಹೊಲಿಗೆಯ ಮೇಲೆ ಹೊಲಿಗೆ. ಬೆನ್ನಿಗೆ ತಾಗುವಲ್ಲಿ ಮೆತ್ತೆ. ಜೇಬುಗಳು ಬೇಕಾದಷ್ಟೇ. ಕೋಲುಗಳನ್ನೆಲ್ಲ ತುಂಬಿ ಅಂಗಡಿಯ ಉದ್ದಕ್ಕೂ ನಡೆದು ಬಂದರು, ನಿಲ್ಲಿಸಿದರು, ಎತ್ತಿದರು, ಒರಟಾಗಿ ಕುಕ್ಕಿದರು. ನಿಂತೇ ಇತ್ತು. ಅಂಗಡಿಯವನ ಅಪ್ಪಣೆ ಪಡೆದು ಚೊಂಬು ನೀರು ಸುರಿದರು. ಚೆಂಡಿನ ಜೇಬಿನೊಳಗೆ ಬೆರಳಿಟ್ಟು ತೆಗೆದರು. ಬೆರಳು ಒಣಗಿಯೇ ಇತ್ತು.

ಸಾಹೇಬರು ಸ್ಟೂಲಿನ ಮೇಲೆ ಕೂತರು. ಆ ಒಣ ಬೆರಳನ್ನು ತುಂಬ ಹೊತ್ತು ನೋಡಿಕೊಂಡರು.

"ಬಣ್ಣ ಸರಿಯಿಲ್ಲ" ಎಂದರು.

ಅಂಗಡಿಯವನು ಬೇರೆ ಬಣ್ಣ ತರಲು ಒಳಗೆ ಹೊರಟ. ಹೆಂಡತಿ ಅವನನ್ನು ಕೈಸನ್ನೆಯಿಂದ ತಡೆದು, ವ್ಯಾನ್ ಎಲ್ಲಿ ನಿಲ್ಲಿಸಿದ್ದೀಯೋ ನೋಡಿಕೊಂಡು ಬಾ ಎಂದು ತಮ್ಮನನ್ನು ಹೊರಗೆ ಕಳಿಸಿದಳು. ಆಮೇಲೆ ಇನ್ನೊಂದು ಸ್ಟೂಲು ಎಳೆದುಕೊಂಡು ಎದುರಿಗೇ ಕೂತಳು.

"ಗುಲಾಬಿ ಕೈಗವಸು ಒಳಗೆ ಬಿಟ್ಟೋರು ನೀವು. ನಮ್ಮನೆ ಪರದೆ ನೋಡಿ ನೆಂಟರು ನಕ್ಕಾಗ್ಲೂ ಅಲ್ಲಾಡ್ಲಿಲ್ಲ. ಇದಕ್ಕೆ ಬಣ್ಣ ಸರಿಯಿಲ್ವ?"

ಸಾಹೇಬರು ಚೀಲದ ಜಿಪ್ಪನ್ನು ತೆರೆದರು, ಮುಚ್ಚಿದರು. ಅದು ಎಷ್ಟು ಸರಾಗವಾಗಿ ಸರಿಯಿತೆಂದರೆ ಅವರಿಗೆ ಸಿಟ್ಟೇ ಬಂತು.

"ಇದು ತಾನೇ ನಿಲ್ಲುತ್ತೆ" ಎಂದರು. "ಎರಡು ಹೆಗಲಿಗೂ ಕೂರುತ್ತೆ, ನೀನೇ ಹೊರ್ತೀಯ. ಇನ್ನು ನಾನು ಅಲ್ಲಿಗೆ ಬಂದು ಏನು ಮಾಡ್ಲಿ? ಮನೇಲೇ ಇರ್ತೀನಿ ಬಿಡು."

ಹೆಂಡತಿ ಕೂಡಲೇ ಉತ್ತರಿಸಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕಲಿತ ಬುದ್ಧಿ. ಆ ಕಡೆಯವರು ಮುಗಿಸಿದರೋ ಇಲ್ಲವೋ ಎಂದು ಒಂದು ಗಳಿಗೆ ಕಾಯುವುದು.

"ನಿನ್ನೆ ಏಳನೇ ಗುಂಡಿಗೆ ಹೊಡೆದ ಚೆಂಡು ಎಲ್ಲಿ ಬಿತ್ತು?"

"ನನಗೇನು ಗೊತ್ತು? ಚೀಲ ಮಲಗಿಸ್ತಿದ್ದೆ."

"ಅದಕ್ಕೇ."

ಸಾಹೇಬರಿಗೆ ತಿಳಿಯಲಿಲ್ಲ.

"ನಿಮ್ಮ ಹೆಗಲು ನನಗೆ ಬೇಡ" ಎಂದಳು. "ಅದೂ ಮುರುಕಲು ಹೆಗಲು. ಅಂಗಿಗೆ ಎಡಗೈ ಮೊದಲು ತೂರಿಸೋದು ನಾನು ನೋಡಿಲ್ಲ ಅಂದ್ಕೊಂಡ್ರಾ? ನನಗೆ ಬೇಕಾಗಿರೋದು ನಿಮ್ಮ ಕಣ್ಣು. ಇಷ್ಟು ದಿನ ಆಡ್ತಿದ್ದೀನಿ, ನಾನು ಹೊಡೆದ ಚೆಂಡು ನಾನೂ ನೋಡಿಲ್ಲ, ನೀವೂ ನೋಡಿಲ್ಲ. ಮತ್ತೆ ಆಡೋದು ಯಾರಿಗೆ?"

ತಮ್ಮ ವ್ಯಾನು ನೋಡಿಕೊಂಡು ಬರುವ ಹೊತ್ತಿಗೆ ಬೂದು ಚೀಲಕ್ಕೆ ಬಿಲ್ಲು ಬರೆದಾಗಿತ್ತು. ಅಂಗಡಿಯವನ ಮುಖದಲ್ಲಿ ಮಗಳ ಪರೀಕ್ಷೆಯ ಫಲಿತಾಂಶ ಬಂದವನ ಕಳೆ. "ಸಾರ್, ಏನಾದ್ರೂ ತೊಂದ್ರೆ ಆದ್ರೆ ವಾಪಸ್ ತನ್ನಿ" ಎಂದು ಅಭ್ಯಾಸಬಲದಿಂದ ಹೇಳಿ, ನಾಲಿಗೆ ಕಚ್ಚಿಕೊಂಡ.

ಮೊದಲ ಬೆಳಿಗ್ಗೆ ಸಾಹೇಬರಿಗೆ ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಜೇಬಿನಲ್ಲಿಟ್ಟರು, ಬೆನ್ನ ಹಿಂದೆ ಕಟ್ಟಿದರು, ಕೊನೆಗೆ ಹುಬ್ಬಿನ ಮೇಲೆ ಬಿಸಿಲಿಗೆ ಅಡ್ಡ ಹಿಡಿದರು. ಹೆಂಡತಿ ಚೀಲವನ್ನು ಇಳಿಸಿದಳು. ಅದು ಕಾಲು ಚಾಚಿ ನಿಂತಿತು. ಅಭ್ಯಾಸದಿಂದ ಸಾಹೇಬರು ಬಗ್ಗಲು ಹೋಗಿ, ಬಗ್ಗುವುದಕ್ಕೆ ಏನೂ ಇಲ್ಲವೆಂದು ನೆನಪಾಗಿ, ನೆಟ್ಟಗಾದರು. ಅವಳು ಹೊಡೆದಳು.

ಚೆಂಡು ಮೇಲೇರಿತು. ಅಷ್ಟು ಎತ್ತರ ಹೋಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಕಾರ್ಖಾನೆಯ ಚಿಮಣಿಗೂ ಮೇಲೆ, ಒಂದು ಗಳಿಗೆ ಸುಮ್ಮನೆ ನಿಂತಂತೆ ಮಾಡಿ, ಆಮೇಲೆ ಎಡಕ್ಕೆ ಮೆಲ್ಲಗೆ ವಾಲಿ, ಬೇವಿನ ಮರದಾಚೆ ಇಳಿಯಿತು. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಿದ್ದವಳು ಇದನ್ನು ಇಷ್ಟು ದಿನ ತಮ್ಮ ಬೆನ್ನ ಹಿಂದೆಯೇ ಮಾಡುತ್ತಿದ್ದಳಲ್ಲ ಎಂದುಕೊಳ್ಳುತ್ತ ಅವರು ನಿಂತೇ ಇದ್ದರು.

"ಎಲ್ಲಿ ಬಿತ್ತು ರೀ?"

"ಮರದಾಚೆ, ಎಡಕ್ಕೆ. ಹುಲ್ಲು ಚಿಕ್ಕದಿರೋ ಕಡೆ." ಸ್ವಲ್ಪ ತಡೆದು ಸೇರಿಸಿದರು, "ಚೆನ್ನಾಗಿ ಹೋಯ್ತು." ಅವರ ಬಾಯಿಂದ ಬಂದ ಮೊದಲ 'ಸ್ವೀಕೃತ' ಅದೇ ಇರಬೇಕು. ಅವಳು ಕೇಳಿಸದವಳಂತೆ ಮುಂದೆ ನಡೆದಳು, ಆದರೆ ನಡಿಗೆ ಕೊಂಚ ಜೋರಾಯಿತು.

ನಾಲ್ಕನೇ ಗುಂಡಿಯ ಹತ್ತಿರ ಲೆಕ್ಕಪತ್ರದ ಅಧಿಕಾರಿಗಳು ಎದುರಾದರು. ಅವರ ಚೀಲ ಮಳೆಗಾಲ ದಾಟಿ, ಇನ್ನೊಂದು ಮಳೆಗಾಲಕ್ಕೂ ಸಿದ್ಧವಾಗಿ ಫಳಫಳ ಹೊಳೆಯುತ್ತಿತ್ತು. ಸಾಹೇಬರು ಆ ಕಡೆ ನೋಡುವ ಗೋಜಿಗೆ ಹೋಗಲಿಲ್ಲ. ಅವರ ಕಣ್ಣು ಹೆಂಡತಿಯ ಕೋಲಿನ ತುದಿಯಲ್ಲಿತ್ತು. ಅಧಿಕಾರಿಗಳು ಬೂದು ಚೀಲವನ್ನು ಸುತ್ತಿ ನೋಡಿ, ಸರಿಯಾಗಿ ಚೆಂಡಿನ ದಾರಿಗೆ ಅಡ್ಡವಾಗಿ ಸಾಹೇಬರ ಮುಂದೆ ಬಂದು ನಿಂತರು.

"ಅಲ್ಲ ಸಾರ್, ಚೀಲ ಅದರಷ್ಟಕ್ಕೇ ನಿಲ್ಲುತ್ತೆ. ಹೊರೋದು ಮೇಡಮ್ಮೇ. ಹಾಗಾದ್ರೆ ನಿಮ್ಮದು ಇಲ್ಲಿ ಏನು ಕೆಲಸ?"

"ಗಂಡನ ಕೆಲಸ" ಎಂದರು ಸಾಹೇಬರು. "ಪಕ್ಕಕ್ಕೆ ಸರೀರಿ, ಚೆಂಡು ಕಾಣ್ತಿಲ್ಲ."