ವಿಜಯವಾಡದಿಂದ ಬರುತ್ತಿದ್ದ ಅರ್ಧ ಮಾತು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ "ವೈರು ನೋಡಿಕೊಳ್ಳೋದು" ಎಂದುಬಿಡುತ್ತೇನೆ. ಅದಕ್ಕಿಂತ ಹೆಚ್ಚು ಹೇಳಿದರೆ ಕೇಳಿದವರು ಆಕಳಿಸುತ್ತಾರೆ. ತುಮಕೂರಿನವನಾದ ನಾನು ವಿಶಾಖಪಟ್ಟಣಕ್ಕೆ ಬಂದು, ಇಲ್ಲಿಯ ತೆಲುಗು ಮನೆಯ ಹುಡುಗಿಯನ್ನೇ ಮದುವೆಯಾಗಿ, ಗೋಂಗೂರ ಪಚ್ಚಡಿಯನ್ನೂ ಹುರುಳಿ ಸಾರನ್ನೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾ ಸುಖವಾಗಿದ್ದೇನೆ. ದ್ವಾರಕಾ ನಗರದಲ್ಲಿರುವ ನಮ್ಮ ಆಫೀಸು ಸೀಗಡಿ ಮೇವಿನ ಕಂಪನಿಯದು. ಮೇವು ತಯಾರಾಗುವುದು ಅಚ್ಯುತಾಪುರಂನಲ್ಲಿ. ಅದನ್ನು ಕೊಳ್ಳುವ ಸೀಗಡಿ ಕೆರೆಗಳ ರೈತರು ಇರುವುದು ಕೃಷ್ಣಾ ನದಿಯ ಕಡೆ. ಅವರಿಗೆಂದೇ ವಿಜಯವಾಡದ ಭವಾನಿಪುರಂನಲ್ಲಿ ಒಂದು ಶಾಖೆ ಇದೆ. ಶಾಖೆಗೂ ನಮಗೂ ನಡುವೆ ಫೋನಿನ ಮಾತನ್ನೂ ಕಂಪ್ಯೂಟರಿನ ಕಾಗದಪತ್ರವನ್ನೂ ಒಟ್ಟಿಗೆ ಹೊರುವ ಬಾಡಿಗೆ ಲೈನು ನನ್ನ ಜವಾಬ್ದಾರಿ.

ಶಾಖೆಯಲ್ಲಿ ಫೋನಿಗೆ ಕೂರುತ್ತಿದ್ದದ್ದು ಒಬ್ಬಳೇ ಹೆಂಗಸು. ತವರು ಬಳ್ಳಾರಿ ಕಡೆಯದು, ಗಂಡನ ಮನೆ ಭವಾನಿಪುರಂನ ತೆಲುಗು ಮನೆ. ಕನ್ನಡ ಮಾತಾಡಲು ಅಲ್ಲಿ ಯಾರೂ ಇಲ್ಲವೆಂದು ನನಗೆ ಆಗಾಗ ಫೋನು ಮಾಡಿ "ಅಣ್ಣಾ, ಸುಮ್ನೆ ಮಾಡಿದೆ" ಎನ್ನುತ್ತಿದ್ದಳು. ಕೆರೆಯ ನೀರು ಬಣ್ಣ ತಿರುಗಿತು, ಸೀಗಡಿ ದಡಕ್ಕೆ ಬರುತ್ತಿದೆ ಎಂದು ರೈತರು ಗಾಬರಿಯಿಂದ ಕೇಳಿದರೆ, ಎಕರೆಗೆ ಎಷ್ಟು ಸುಣ್ಣ, ಯಾವ ಹೊತ್ತಿಗೆ ಎಂದು ಸಮಾಧಾನವಾಗಿ ಹೇಳುವವಳು ಅವಳು. ರೈತರ ಕರೆ ಮೊದಲು ವಿಶಾಖಪಟ್ಟಣದ ನಮ್ಮ ಎಕ್ಸ್‌ಚೇಂಜಿಗೆ ಬಂದು, ಅಲ್ಲಿಂದ ಲೈನಿನಲ್ಲಿ ಅವಳ ಮೇಜಿಗೆ ಹೋಗುತ್ತಿತ್ತು. ಅವಳ ಉತ್ತರವೂ ಅದೇ ಲೈನಿನಲ್ಲಿ ವಾಪಸು ಬರಬೇಕು.

ಒಂದು ಸಲ ರೈತರಿಂದ ದೂರುಗಳು ಶುರುವಾದವು. ಆಯಮ್ಮ ಮಾತು ನುಂಗುತ್ತಾರೆ, ಅರ್ಧ ಹೇಳಿ ಅರ್ಧ ಬಿಡುತ್ತಾರೆ ಎಂದು. ಅವಳಿಗೆ ಮಾತ್ರ ರೈತರ ಮಾತು ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು. "ಲೈನ್ ಸರಿ ಇಲ್ಲ" ಎಂದಳು. ನಮ್ಮ ಮ್ಯಾನೇಜರು ನನ್ನನ್ನು ಕೇಳಿದರು. ನಾನು ದಿನದ ಸರಾಸರಿ ತೆಗೆದೆ. ಕೊಂಡ ವೇಗದಲ್ಲಿ ಕಾಲು ಭಾಗವೂ ಬಳಕೆಯಾಗಿರಲಿಲ್ಲ. ಸಾಲದ್ದಕ್ಕೆ ಶಾಖೆಯ ರೂಟರಿನಲ್ಲಿ ಫೋನಿನ ಮಾತಿಗೆ ಮೊದಲ ಸರದಿ ಎಂದು ನಾನೇ ಬರೆದಿಟ್ಟಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಮನಸ್ಸಿನಲ್ಲೇ ಅಂದುಕೊಂಡು, ಲೈನಿನಲ್ಲಿ ದೋಷವಿಲ್ಲ ಎಂದು ರಿಪೋರ್ಟು ಕೊಟ್ಟೆ.

ಆ ರಿಪೋರ್ಟಿನ ಮೇಲೆ ಮ್ಯಾನೇಜರು ತೀರ್ಮಾನ ಮಾಡಿದರು: ಮುಂದಿನ ತಿಂಗಳಿಂದ ಫೋನಿನ ಮೇಜು ವಿಶಾಖಪಟ್ಟಣಕ್ಕೆ, ಹೊಸಬರಿಗೆ. ಅವಳಿಗೆ ಗಂಡನ ಅಂಗಡಿ, ಮಕ್ಕಳ ಶಾಲೆ ಬಿಟ್ಟು ಬರುವುದು ಆಗದ ಮಾತು. ಅಂದರೆ ಕೆಲಸ ಹೋಯಿತು ಎಂದೇ ಅರ್ಥ.

ಅವಳು ಅಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ದೂರು ಬಂದ ಹೊತ್ತುಗಳನ್ನು ವಾರದ ಪ್ರಕಾರ ಬರೆದು ನನಗೆ ಕಳಿಸಿ, ತೆಲುಗಿನ 'ಅಂಡಿ' ಬೆರೆತ ತನ್ನ ಕನ್ನಡದಲ್ಲಿ ಫೋನು ಮಾಡಿದಳು.

"ಅಣ್ಣಾ, ನನ್ ನಾಲಿಗೆ ಸರಿ ಇಲ್ಲಾಂದ್ರೆ ದಿನ ಪೂರ್ತಿ ಹಂಗೇ ಇರಬೇಕಲ್ಲಂಡಿ? ಇದನ್ನ ನೋಡಿ. ಒಂದ್ ಸಾರಿ ಬಂದು ಕೂತ್ಕೊಳ್ಳಿ, ಸಾಕು."

ಪಟ್ಟಿ ವಿಚಿತ್ರವಾಗಿತ್ತು. ಬುಧವಾರ ಒಂದೂವರೆಯ ಮೇಲೆ, ಗುರುವಾರ ಮೂರರ ಮೇಲೆ, ಶುಕ್ರವಾರ ಹನ್ನೆರಡರ ಮೇಲೆ, ಶನಿವಾರ ಹತ್ತೂವರೆಯ ಮೇಲೆ, ಮಂಗಳವಾರ ನಾಲ್ಕೂವರೆಯ ಮೇಲೆ. ಪ್ರತಿಸಲವೂ ಅರ್ಧ ಗಂಟೆಯ ಕಾಟ. ಸೋಮವಾರ ಏನೂ ಇಲ್ಲ. ಯಾವ ವೈರು ಸೋಮವಾರ ರಜೆ ತೆಗೆದುಕೊಳ್ಳುತ್ತದೆ? ನನ್ನ ಮಾತೇ ನಿಜವೆಂದು ತೋರಿಸಿ ಬರೋಣ ಎಂಬ ಜಂಬದಲ್ಲೇ ಶುಕ್ರವಾರ ಬೆಳಗಿನ ರೈಲು ಹತ್ತಿದೆ.

ಹನ್ನೊಂದೂವರೆಗೆ ಭವಾನಿಪುರಂ ತಲುಪಿದಾಗ ಶಾಖೆಯಲ್ಲಿ ಹತ್ತು ಹನ್ನೆರಡು ಜನ ಕೈಕಟ್ಟಿ ಕೂತಿದ್ದರು. ಅವರೆಲ್ಲ ಕೆರೆಯಿಂದ ಕೆರೆಗೆ ಓಡಾಡಿ ಫೋಟೋ, ವಿಡಿಯೋ, ಆರ್ಡರಿನ ಕಾಗದ ತರುವವರು. ಕಂಪ್ಯೂಟರುಗಳಲ್ಲಿ ಎಲ್ಲವೂ ಸಿದ್ಧವಾಗಿತ್ತು, ಕಳಿಸುವ ಗುಂಡಿ ಒತ್ತುವುದೊಂದೇ ಬಾಕಿ. ಯಾಕೆ ಕಳಿಸುತ್ತಿಲ್ಲ ಎಂದು ಶಾಖೆಯ ಹಿರಿಯರನ್ನು ಕೇಳಿದೆ. ಅವರು ಗೋಡೆಯ ಗಡಿಯಾರ ನೋಡಿ ತೆಲುಗಿನಲ್ಲಿ ಹೇಳಿದರು:

"ರಾಹುಕಾಲ ಕದಾ ಬಾಬು. ಇನ್ನು ಅರ್ಧ ಗಂಟೆ ಇದೆ. ಈಗ ಕಳಿಸಿದ ಆರ್ಡರು ಕೈಗೆ ಹತ್ತುತ್ತಾ?"

ನಾನು ಜೇಬಿನಿಂದ ಅವಳ ಪಟ್ಟಿ ತೆಗೆದೆ. ಸಾಲು ಸಾಲೂ ರಾಹುಕಾಲ ಮುಗಿಯುವ ಹೊತ್ತು. ಸೋಮವಾರದ್ದು ಒಂಬತ್ತಕ್ಕೇ, ಶಾಖೆ ಬಾಗಿಲು ತೆಗೆಯುವಷ್ಟರಲ್ಲೇ ಮುಗಿದುಹೋಗುತ್ತದೆ. ರಾಹುಕಾಲದ ಪಟ್ಟಿಯನ್ನು ನಮ್ಮಮ್ಮ ನನಗೆ ಮಗ್ಗಿಗಿಂತ ಮೊದಲು ಬಾಯಿಪಾಠ ಮಾಡಿಸಿದ್ದರು. ಇವತ್ತಿಗೂ ಆ ಹೊತ್ತಿನಲ್ಲಿ ಒಂದು ಚಪ್ಪಲಿ ಜೊತೆಯನ್ನೂ ನಾನು ಕೊಳ್ಳುವುದಿಲ್ಲ. ಅಂಥವನಿಗೆ ಕಣ್ಣ ಮುಂದೆ ಇಟ್ಟರೂ ಕಾಣಲಿಲ್ಲ.

ಸರಿಯಾಗಿ ಹನ್ನೆರಡಕ್ಕೆ ಹಿರಿಯರು ಕೈ ಮುಗಿದರು. ಹತ್ತು ಹನ್ನೆರಡು ಬೆರಳುಗಳು ಒಟ್ಟಿಗೆ ಒತ್ತಿದವು. ನಾನು ಮೆಟ್ಟಿಲ ಮೇಲೆ ನಿಂತು ಮೊಬೈಲಿನಿಂದ ರೈತನ ಹಾಗೆ ಅವಳ ನಂಬರಿಗೆ ಕರೆ ಮಾಡಿ, ಸುಣ್ಣ ಎಷ್ಟು ಹಾಕಲಿ ಎಂದೆ. ಒಂದು ಚೂರು ಬಂತು, ನಿಂತಿತು, ಇನ್ನೊಂದು ಚೂರು ಬಂತು. ಬಾಗಿಲ ಸಂದಿಯಿಂದ ನೋಡಿದರೆ ಅವಳು ನಗುಮುಖದಲ್ಲಿ, ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ. ಲೈನು ತಿಂದ ಮಾತನ್ನು ನನ್ನ ರಿಪೋರ್ಟು ಅವಳ ಬಾಯಿಗೆ ಒರೆಸಿತ್ತು.

ತಪ್ಪು ಎಲ್ಲಿತ್ತು ಎಂಬುದು ಅಲ್ಲೇ ಕೂತಾಗ ಹೊಳೆಯಿತು. ಈ ಅರ್ಧ ಗಂಟೆಯ ನುಗ್ಗಲು ನನ್ನ ದಿನದ ಸರಾಸರಿಯಲ್ಲಿ ಕರಗಿಹೋಗಿತ್ತು. ನಾವು ಕೊಂಡಿದ್ದ ವೇಗ ಹತ್ತು ಎಂಬಿ. ಶಾಖೆಯಲ್ಲಿ ನಮ್ಮ ರೂಟರಿನಿಂದ ಲೈನಿನ ಪೆಟ್ಟಿಗೆಗೆ ಹೋಗುವ ತಂತಿ ಮಾತ್ರ ನೂರರದ್ದು. ರೂಟರು ಪಾಪ, ದಾರಿ ನೂರರಷ್ಟು ಅಗಲ ಎಂದು ನಂಬಿ, ಬಂದದ್ದನ್ನೆಲ್ಲ ಬಂದ ಹಾಗೇ ಸುರಿಯುತ್ತಿತ್ತು. ತನ್ನಲ್ಲಿ ನೂಕುನುಗ್ಗಲೇ ಇಲ್ಲದ ಮೇಲೆ ಸರದಿ ಯಾಕೆ? ನಾನು ಬರೆದಿಟ್ಟ ಮೊದಲ ಸರದಿ ಒಂದು ದಿನವೂ ಕೆಲಸಕ್ಕೆ ಬಂದಿರಲಿಲ್ಲ. ಆಚೆ ತುದಿಯಲ್ಲಿ ಲೈನು ಕೊಟ್ಟವರು ಕರಾರಿನಂತೆ ಹತ್ತು ಮೀರಿದ್ದನ್ನೆಲ್ಲ ಎಸೆಯುತ್ತಿದ್ದರು. ಎಸೆಯುವವರಿಗೆ ಯಾವುದು ಫೋಟೋ, ಯಾವುದು ಅವಳ ಮಾತು ಎಂಬ ಭೇದವಿಲ್ಲ. ಫೋಟೋದ ಚೂರು ಬಿದ್ದರೆ ಕಂಪ್ಯೂಟರು ಮತ್ತೆ ಕಳಿಸುತ್ತದೆ. ಬಿದ್ದ ಮಾತನ್ನು ಮತ್ತೆ ಕಳಿಸುವವರು ಯಾರೂ ಇಲ್ಲ. ವಿಶಾಖಪಟ್ಟಣದಿಂದ ಬರುವ ದಾರಿ ಮಾತ್ರ ಖಾಲಿ, ಅದಕ್ಕೇ ರೈತರ ಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಡಬ್ಬದ ಎಣ್ಣೆಯನ್ನು ಸಣ್ಣ ಬಾಯಿಯ ಬಾಟಲಿಗೆ ಹುಯ್ಯುವಾಗ ಕೈ ತಡೆದು ಬಗ್ಗಿಸುತ್ತೇವಲ್ಲ, ಆ ತಡೆಯುವ ಕೈ ನಮ್ಮ ಕಡೆ ಇರಬೇಕಿತ್ತು. ಕಸುಬಿನಲ್ಲಿ ಅದಕ್ಕೆ ಟ್ರಾಫಿಕ್ ಶೇಪಿಂಗ್ ಎನ್ನುತ್ತಾರೆ. ಹತ್ತಕ್ಕಿಂತ ಒಂದು ಗುಲಗಂಜಿ ಕಡಿಮೆ ಇಟ್ಟು, ಅದಕ್ಕೆ ಮೀರಿದ್ದನ್ನು ನಮ್ಮ ರೂಟರೇ ತಡೆದು ಸಾಲಿನಲ್ಲಿ ನಿಲ್ಲಿಸಿಕೊಳ್ಳುವಂತೆ ಅದಕ್ಕೆ ನಾಲ್ಕು ಸಾಲಿನ ಆದೇಶ ಬರೆದೆ. ಸಾಲು ನಿಂತಿತು, ಆಗ ಸರದಿಗೂ ಅರ್ಥ ಬಂತು. ಅವಳ ಮಾತು ಮುಂದೆ, ಸೀಗಡಿಯ ವಿಡಿಯೋ ಹಿಂದೆ. ಹಿರಿಯರಿಗೆ ರಾಹುಕಾಲ ಬಿಡಿ ಎಂದು ನಾನು ಹೇಳಲಿಲ್ಲ. ಯಾವ ಬಾಯಲ್ಲಿ ಹೇಳಲಿ?

ವಿಶಾಖಪಟ್ಟಣಕ್ಕೆ ಮರಳಿ, ನನ್ನ ರಿಪೋರ್ಟು ತಪ್ಪು ಎಂದು ಮ್ಯಾನೇಜರಿಗೆ ಬರೆದುಕೊಟ್ಟೆ. ಅವರು ಬರೆದದ್ದನ್ನು ನಂಬುವವರಲ್ಲ.

"ಮಂಗಳವಾರ ನಾಲ್ಕೂವರೆಗೆ ನಾನೇ ಕೇಳ್ತೀನಿ. ಆಗಲೂ ತುಂಡಾದರೆ ಮೇಜು ಇಲ್ಲಿಗೆ ಬರುತ್ತೆ," ಎಂದರು.

ಮಂಗಳವಾರ ಅವರ ಕೋಣೆಯಲ್ಲಿ ಸ್ಪೀಕರ್ ಹಾಕಿಕೊಂಡು ಕೂತೆವು. ನಾವು ಕೇಳುತ್ತಿದ್ದೇವೆಂದು ಅವಳಿಗೂ ಹೇಳಿದ್ದೆ. ನಾಲ್ಕೂವರೆ ದಾಟಿತು. ಪರದೆಯ ಮೇಲೆ ಲೈನಿನ ಬಳಕೆ ತೋರಿಸುವ ವಿಜಯವಾಡದ ಗೆರೆ ಸರ್ರನೆ ಮೇಲೇರಿ ಹತ್ತರ ಕೆಳಗೆ ಅಡ್ಡಡ್ಡ ಮಲಗಿತು. ಅಷ್ಟರಲ್ಲಿ ಒಬ್ಬ ರೈತನ ಕರೆ ಬಂತು, ಧ್ವನಿಯಲ್ಲಿ ಗಾಬರಿ ಇತ್ತು.

ಅವಳು ಎಂದಿನಂತೆ ತೆಲುಗಿನಲ್ಲಿ, ಸಾವಕಾಶವಾಗಿ ಹೇಳಿದಳು: ಎಕರೆಗೆ ಇಪ್ಪತ್ತು ಕೆಜಿ ಸುಣ್ಣ, ನೀರಲ್ಲಿ ಕಲಸಿ, ಬಿಸಿಲು ಇಳಿದ ಮೇಲೆ, ನೀರಿಗೆ ಗಾಳಿ ಕೊಡುವ ಏರೇಟರ್ ನಿಲ್ಲಿಸಬೇಡಿ. ಒಂದು ಅಕ್ಷರ ಬೀಳಲಿಲ್ಲ. ಮ್ಯಾನೇಜರು ನನ್ನತ್ತ ನೋಡಿ, ವರ್ಗಾವಣೆಯ ಕಾಗದವನ್ನು ಡ್ರಾಯರಿಗೆ ಹಾಕಿದರು.

ಆ ಕಡೆಯ ರೈತ ಫೋನು ಇಡದೆ ಕೇಳಿದ, "ಅಮ್ಮಾ, ನೀವು ಹೊಸದಾಗಿ ಬಂದಿರಾ? ಮೊದಲಿದ್ದ ಆಯಮ್ಮ ಒಳ್ಳೆಯವರೇ, ಪಾಪ. ಮಾತು ಮಾತ್ರ ಪೂರ್ತಿ ಹೇಳ್ತಿರಲಿಲ್ಲ. ಅವರನ್ನ ತೆಗೆದುಬಿಟ್ಟರಾ?"

ಸ್ಪೀಕರಿನಲ್ಲಿ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಲೈನು ಮತ್ತೆ ಕೈಕೊಟ್ಟಿತೇ ಎಂದು ನಾನು ಪರದೆಯತ್ತ ತಿರುಗಿದೆ. ಲೈನು ಸರಿಯಾಗಿಯೇ ಇತ್ತು.

"ಇಲ್ಲಂಡಿ," ಎಂದಳು ಅವಳು. "ಆಗಲೂ ನಾನೇ."